ಹುಲ್ಲು ನಿರ್ಮಾಪಕ, ಜಿಂಕೆ ಗ್ರಾಹಕ: ಒಂದು ವಿಜ್ಞಾನ ಕಿಟ್ಟಿನೊಂದಿಗೆ ಏಳನೆಯ ತರಗತಿಯ ಎರಡು ತಿಂಗಳು

ನಮ್ಮದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಯಲ್ಲಿ ಈ ವರ್ಷ 31 ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟ ಹಣದಲ್ಲಿ 1,850 ರೂಪಾಯಿ ತೆತ್ತು, ಪರಿಸರ ವ್ಯವಸ್ಥೆ, ಆಹಾರ ಸರಪಳಿ ಮತ್ತು ಜೀವವೈವಿಧ್ಯದ ಪಾಠಗಳಿಗೆಂದು ಆನ್‌ಲೈನ್‌ನಲ್ಲಿ ಮಾರುವ ಒಂದು ಕಲಿಕಾ ಕಿಟ್ಟನ್ನು ತರಿಸಿದೆವು. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಎಂದು ಮುಚ್ಚಳದ ಮೇಲೆ ಬರೆದಿದೆ. ತಯಾರಕರ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಪಕ್ಕದ ಶಾಲೆಯವರು ಬೇರೆ ಕಡೆಯಿಂದ ತರಿಸಿದ ಪೆಟ್ಟಿಗೆಯನ್ನು ತೆಗೆದು ನೋಡಿದಾಗ ಅದರಲ್ಲಿಯೂ ಹೆಚ್ಚುಕಡಿಮೆ ಇದೇ ಸಾಮಾನು, ಇದೇ ತಪ್ಪುಗಳು ಕಂಡವು. ಆದ್ದರಿಂದ ಈ ಬಗೆಯ ಯಾವ ಕಿಟ್ಟನ್ನು ಕೊಳ್ಳುವವರಿಗೂ ಈ ಮಾತುಗಳು ಉಪಯೋಗಕ್ಕೆ ಬಂದಾವು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ 64 ಚಿತ್ರದ ಕಾರ್ಡುಗಳು, ಎರಡು ಉಣ್ಣೆಯ ನೂಲಿನ ಉಂಡೆಗಳು, ನಾಲ್ಕು ಅಳತೆಯ ಪಾತ್ರೆಗಳು, ಮೂರು ಲೀಟರು ಹಿಡಿಯುವ ಒಂದು ಪಾರದರ್ಶಕ ಜಾಡಿ, ಒಂದು ಚೀಲ ಬೆಣಚುಕಲ್ಲು, ನಾಲ್ಕು ಗೂಟ ಮತ್ತು ದಾರ, ಎರಡು ಭೂತಗನ್ನಡಿ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಶಿಕ್ಷಕರ ಕೈಪಿಡಿ ಇದ್ದವು. ಕಾರ್ಡುಗಳು ದಪ್ಪವಾಗಿದ್ದು, ಎರಡು ತಿಂಗಳು ಮಕ್ಕಳ ಕೈಯಲ್ಲಿ ಓಡಾಡಿದರೂ ಮೂಲೆ ಮಡಚಿಲ್ಲ. ಜಾಡಿಯ ಮುಚ್ಚಳದ ರಬ್ಬರು ಬಿಗಿಯಾಗಿದೆ. ಭೂತಗನ್ನಡಿಗಳು ಪ್ಲಾಸ್ಟಿಕ್ಕಿನವು, ಮೊದಲ ವಾರದಲ್ಲಿಯೇ ಗೀರುಬಿದ್ದವು. ಸಾಮಾನಿನ ಗುಣಮಟ್ಟದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮೊದಲ ದಿನವೇ ಎಡವಿದ್ದು ಭಾಷೆಯಲ್ಲಿ. ಕಾರ್ಡಿನ ಹಿಂಬದಿಯಲ್ಲಿ ಹುಲ್ಲಿಗೆ ‘ನಿರ್ಮಾಪಕ’ ಎಂದೂ, ಜಿಂಕೆಗೆ ‘ಪ್ರಾಥಮಿಕ ಗ್ರಾಹಕ’ ಎಂದೂ ಅಚ್ಚಾಗಿತ್ತು. ಇಂಗ್ಲಿಷಿನ ಪದವನ್ನು ಯಂತ್ರದ ಬಾಯಿಗೆ ಹಾಕಿ, ಅದು ಉಗುಳಿದ್ದನ್ನು ಯಾರೂ ಓದಿ ನೋಡದೆ ಅಚ್ಚಿಗೆ ಕಳುಹಿಸಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹುಲ್ಲು ಯಾವ ಪಿಚ್ಚರ್ ತೆಗೆದಿದೆ?” ಎಂದು ಕೇಳಿದಾಗ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮಕ್ಕಳು ಪಠ್ಯದಲ್ಲಿ ಓದುವುದು ಉತ್ಪಾದಕರು (ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವವರು), ಭಕ್ಷಕರು (ಬೇರೆ ಜೀವಿಗಳನ್ನು ತಿನ್ನುವವರು), ವಿಘಟಕರು (ಸತ್ತದ್ದನ್ನು ಕೊಳೆಸುವವರು) ಎಂಬ ಪದಗಳನ್ನು; ಕಿಟ್ಟು ಅವನ್ನೇ ಬಳಸಿದ್ದರೆ ತಯಾರಕರಿಗೆ ಒಂದು ಪೈಸೆಯೂ ಹೆಚ್ಚು ಖರ್ಚಾಗುತ್ತಿರಲಿಲ್ಲ.

ನಗುವಿನಲ್ಲಿ ಮುಗಿಸಲಾಗದ ತಪ್ಪು ಇನ್ನೊಂದಿದೆ. ಅಣಬೆ, ಗೆದ್ದಲು ಮತ್ತು ಎರೆಹುಳುವಿನ ಕಾರ್ಡುಗಳ ಮೇಲೆ ‘ಕೊಳೆಯುವವರು’ ಎಂದು ಬರೆದಿದೆ. ಕೊಳೆಯುವುದು ಬಿದ್ದ ಎಲೆ, ಸತ್ತ ಹಸು. ಕೊಳೆಸುವುದು ಅಣಬೆ ಮತ್ತು ಬ್ಯಾಕ್ಟೀರಿಯ. ಕೊಳೆಯುವ, ಕೊಳೆಸುವ ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸ ಹನ್ನೆರಡು ವರ್ಷದ ಯಾವ ಕನ್ನಡ ಮಗುವಿಗೂ ತಾನಾಗಿಯೇ ತಿಳಿದಿರುತ್ತದೆ. ಆ ತಿಳಿವಳಿಕೆಯನ್ನೇ ಆಧಾರ ಮಾಡಿಕೊಂಡು ಪಾಠ ಕಟ್ಟಬಹುದಾಗಿದ್ದ ಜಾಗದಲ್ಲಿ, ಕೆಲಸ ಮಾಡುವವನನ್ನು ಕೆಲಸಕ್ಕೆ ಒಳಗಾಗುವವನ ಸ್ಥಾನಕ್ಕೆ ತಳ್ಳಿಬಿಟ್ಟಿದ್ದಾರೆ. ಬಿಳಿ ಕಾಗದದ ಚೀಟಿಗಳನ್ನು ಕತ್ತರಿಸಿ 64 ಕಾರ್ಡುಗಳಿಗೂ ಹೊಸ ಹೆಸರು ಅಂಟಿಸಲು ಒಂದು ಶನಿವಾರದ ಮಧ್ಯಾಹ್ನ ಪೂರ್ತಿ ಹಿಡಿಯಿತು.

ಕಾರ್ಡುಗಳು ಐದು ಗುಂಪುಗಳಲ್ಲಿವೆ: ಪಶ್ಚಿಮ ಘಟ್ಟ, ಕೆರೆ, ಹುಲ್ಲುಗಾವಲು, ಸಮುದ್ರ ಮತ್ತು ಹಿಮಪ್ರದೇಶ. ಇವುಗಳಲ್ಲಿ ಪಶ್ಚಿಮ ಘಟ್ಟದ ಗುಂಪನ್ನು ತಿಳಿದವರು ಯಾರೋ ಕೂತು ಮಾಡಿದ್ದಾರೆ, ಅನುಮಾನವಿಲ್ಲ. ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅವುಗಳಲ್ಲಿ 10 ಕರ್ನಾಟಕದವು ಎಂಬ ಮಾಹಿತಿಯಿಂದ ಆರಂಭವಾಗಿ ಸಿಂಗಳೀಕ, ಮಂಗಟ್ಟೆ, ಕಾಟಿ, ಸೀಳುನಾಯಿ, ಬಿದಿರು ಎಲ್ಲವೂ ಅಲ್ಲಿವೆ. ಅತ್ತಿಮರದ ಕಾರ್ಡಿನ ಜೊತೆಗೆ ಅತ್ತಿಯ ಕಣಜಕ್ಕೂ ಒಂದು ಪ್ರತ್ಯೇಕ ಕಾರ್ಡು ಕೊಟ್ಟಿರುವುದಂತೂ ಮೆಚ್ಚಬೇಕಾದ ಸಂಗತಿ. ಅತ್ತಿಹಣ್ಣು ಬಿಡಿಸಿದರೆ ಒಳಗೆ ಹುಳ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿತ್ತು. ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ ಆ ಕಣಜ ಒಳಹೊಕ್ಕು ಪರಾಗ ಮುಟ್ಟಿಸದಿದ್ದರೆ ಅತ್ತಿ ಬೀಜ ಕಟ್ಟುವುದಿಲ್ಲ, ಅತ್ತಿಯ ಹಣ್ಣಿಲ್ಲದಿದ್ದರೆ ಮಂಗಟ್ಟೆ, ಕೋತಿ, ಬಾವಲಿಗಳಿಗೆ ಬೇರೆ ಹಣ್ಣುಗಳು ಸಿಗದ ತಿಂಗಳುಗಳಲ್ಲಿ ಉಪವಾಸ ಎಂಬುದು ಗೊತ್ತಿರಲಿಲ್ಲ. ಶಾಲೆಯ ಹಿಂದಿನ ಅತ್ತಿಮರದಿಂದ ನಾಲ್ಕು ಹಣ್ಣು ತಂದು, ಬ್ಲೇಡಿನಲ್ಲಿ ಸೀಳಿ, ಗೀರುಬಿದ್ದ ಭೂತಗನ್ನಡಿಯಲ್ಲಿಯೇ ನೋಡಿದೆವು. ಆ ದಿನ ಬಿಸಿಯೂಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಇದೇ ಗುಂಪಿನಲ್ಲಿರುವ ಉದ್ದನೆಯ ಸರಪಳಿ ನನಗೆ ಬಹಳ ಹಿಡಿಸಿತು: ಹುಲ್ಲು, ಮಿಡತೆ, ಕಪ್ಪೆ, ಕೇರೆಹಾವು, ಕಾಳಿಂಗ ಸರ್ಪ. ಸಾಮಾನ್ಯವಾಗಿ ಪಾಠಗಳಲ್ಲಿ ಹಾವಿನ ಮೇಲೆ ಹದ್ದನ್ನು ಕೂರಿಸಿ ಮುಗಿಸುತ್ತಾರೆ. ಹಾವನ್ನೇ ತಿಂದು ಬದುಕುವ ಹಾವೊಂದು ಆಗುಂಬೆಯ ಕಾಡಿನಲ್ಲಿದೆ, ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಆ ಕಾಡಿನಲ್ಲಿರಬಹುದು ಎಂದಾಗ ಮಕ್ಕಳ ಕಣ್ಣು ಅರಳಿದ ರೀತಿಯೇ ಬೇರೆ. ಕಾರ್ಡಿನಲ್ಲಿ ಅದರ ವೈಜ್ಞಾನಿಕ ಹೆಸರನ್ನು ಓಫಿಯೋಫೇಗಸ್ ಹನ್ನಾ ಎಂದು ಕೊಟ್ಟಿದ್ದಾರೆ. ಒಂದೇ ಪ್ರಭೇದವೆಂದು ತಿಳಿದಿದ್ದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ಓಫಿಯೋಫೇಗಸ್ ಕಾಳಿಂಗ. ಕನ್ನಡದ ಪದವೊಂದು ಲೋಕದ ಹಾವುಗಳ ಪಟ್ಟಿಯಲ್ಲಿ ಶಾಶ್ವತವಾಗಿ ನಿಂತಿರುವಾಗ ಕನ್ನಡದ ಮಕ್ಕಳಿಗೆ ಹಳೆಯ ಹೆಸರನ್ನು ಕಲಿಸುವುದು ಸರಿಯಲ್ಲವಾದರೂ, ಇದು ಈಚಿನ ಬದಲಾವಣೆಯಾದ್ದರಿಂದ ತಯಾರಕರನ್ನು ಹೆಚ್ಚು ದೂರುವುದಿಲ್ಲ. ಆದರೆ ಅದೇ ಸರಪಳಿಯ ಕಪ್ಪೆಯ ಚಿತ್ರಕ್ಕೆ ದಕ್ಷಿಣ ಅಮೆರಿಕದ ನೀಲಿಬಣ್ಣದ ವಿಷಗಪ್ಪೆಯನ್ನು ಹಾಕಿರುವುದಕ್ಕೆ ಯಾವ ಸಮಾಧಾನವೂ ಇಲ್ಲ. ಆ ಕಪ್ಪೆಯನ್ನು ನಮ್ಮ ಕೇರೆಹಾವು ಕನಸಿನಲ್ಲಿಯೂ ಕಂಡಿರಲಾರದು.

ಕೆರೆಯ ಗುಂಪು ನಮ್ಮ ಮಕ್ಕಳಿಗೆ ಅಂಗೈಯ ನೆಲ್ಲಿಕಾಯಿ. ಪಾಚಿ, ಸೊಳ್ಳೆಯ ಮರಿ, ಗೆಂಡೆ ಮೀನು, ಏಡಿ, ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ, ಎಲ್ಲವೂ ಊರ ಕೆರೆಯಲ್ಲಿಯೇ ಇರುವುದರಿಂದ ಕಾರ್ಡು ಒಂದು ನೆಪ ಮಾತ್ರ. ಹುಲ್ಲುಗಾವಲಿನ ಗುಂಪಿಗೆ ಬಂದರೆ ನಿರಾಸೆಯಾಗುತ್ತದೆ, ಏಕೆಂದರೆ ಅದು ಪೂರ್ತಿಯಾಗಿ ಆಫ್ರಿಕದ್ದು: ಸಿಂಹ, ಜೀಬ್ರಾ, ಜಿರಾಫೆ. ಆಫ್ರಿಕದ ಪ್ರಾಣಿಗಳನ್ನು ಕಲಿಸಬಾರದೆಂದಲ್ಲ. ಆದರೆ ಗುಂಪಿನ ಹೆಸರು ಬರೀ ‘ಹುಲ್ಲುಗಾವಲು’ ಎಂದಿರುವುದರಿಂದ, ಹುಲ್ಲುಗಾವಲೆಂಬುದು ನಮ್ಮಲ್ಲಿ ಇಲ್ಲವೇ ಇಲ್ಲ, ಇಲ್ಲಿರುವುದೆಲ್ಲ ಬರಡು ಬಯಲು ಎಂಬ ತಪ್ಪು ಗ್ರಹಿಕೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ರಾಣೆಬೆನ್ನೂರಿನಲ್ಲಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವುದು ಇಂಥ ಬಯಲಿನಲ್ಲಿಯೇ. ಬಯಲುಸೀಮೆಯ ತೋಳ ಬದುಕಿರುವುದೂ ಇಂಥಲ್ಲಿಯೇ. ಪಾಳುಭೂಮಿಯೆಂದು ಕಾಗದದಲ್ಲಿ ಬರೆದು ಆ ನೆಲವನ್ನು ಬೇರೆ ಕೆಲಸಗಳಿಗೆ ಕೊಟ್ಟುಬಿಡುವ ಅಭ್ಯಾಸ ದೊಡ್ಡವರಲ್ಲಿ ಇರುವುದರಿಂದ, ಮಕ್ಕಳ ಮಟ್ಟದಲ್ಲಾದರೂ ಇದನ್ನು ತಿದ್ದುವುದು ಅಗತ್ಯವಾಗಿತ್ತು. ಹಿಮಪ್ರದೇಶದ ಗುಂಪಿನಲ್ಲಿ ಹಿಮಕರಡಿ ಪೆಂಗ್ವಿನ್ನನ್ನು ತಿನ್ನುತ್ತದೆ ಎಂದು ಹೇಳಿದ್ದಾರೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್ನು ದಕ್ಷಿಣಾರ್ಧ ಗೋಳದಲ್ಲಿ. ನಡುವೆ ಇಡೀ ಭೂಮಿ ಇದೆ. ಆ ಗುಂಪನ್ನು ನಾನು ಪಾಠಕ್ಕೆ ಬಳಸಲಿಲ್ಲ, ‘ತಪ್ಪು ಹುಡುಕಿರಿ’ ಎಂಬ ಆಟಕ್ಕೆ ಬಳಸಿದೆ.

ಮನುಷ್ಯನ ಕಾರ್ಡು ಮಾತ್ರ ಯಾವ ಗುಂಪಿನಲ್ಲಿಯೂ ಇಲ್ಲ. “ನಾವೆಲ್ಲಿ ನಿಲ್ಲಬೇಕು ಸಾರ್?” ಎಂದು ಮಕ್ಕಳು ಕೇಳಿದ್ದು ಸಹಜ. ಬಿಸಿಯೂಟದಲ್ಲಿ ಅನ್ನ ಸಾರು ಉಂಡ ದಿನ ನಾವು ಪ್ರಾಥಮಿಕ ಭಕ್ಷಕರು, ಮೊಟ್ಟೆ ಕೊಟ್ಟ ದಿನ ಕೋಳಿಯ ಮೂಲಕ ಇನ್ನೊಂದು ಮೆಟ್ಟಿಲು ಮೇಲೆ, ಕೆರೆಯಲ್ಲಿ ಹಿಡಿದ ದೊಡ್ಡ ಮೀನನ್ನು ತಿಂದ ಭಾನುವಾರ ಅದಕ್ಕೂ ಮೇಲೆ ಎಂದು ಲೆಕ್ಕ ಹಾಕಿಕೊಂಡೆವು. ಒಂದೇ ಪ್ರಾಣಿ ಬೇರೆ ಬೇರೆ ಪೋಷಣಾ ಸ್ತರಗಳಲ್ಲಿ, ಅಂದರೆ ಸರಪಳಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿ, ನಿಲ್ಲಬಲ್ಲದು, ಆದ್ದರಿಂದಲೇ ಸರಪಳಿ ಎಂಬ ಚಿತ್ರ ಸಾಲದೆ ಜಾಲ ಎಂಬ ಚಿತ್ರ ಬೇಕಾಯಿತು ಎಂಬುದನ್ನು ಕೈಪಿಡಿಯ ಎರಡು ಪುಟಗಳಿಗಿಂತ ಒಂದು ಮೊಟ್ಟೆ ಚೆನ್ನಾಗಿ ತಿಳಿಸಿತು.

ಇನ್ನು ನೂಲಿನ ಉಂಡೆಯ ವಿಚಾರ. ಇದು ಕಿಟ್ಟಿನ ಮುಖ್ಯ ಆಟ. ಮಕ್ಕಳು ಒಂದೊಂದು ಕಾರ್ಡನ್ನು ಕೊರಳಿಗೆ ಹಾಕಿಕೊಂಡು ವೃತ್ತದಲ್ಲಿ ನಿಂತು, ತಾನು ಯಾರನ್ನು ತಿನ್ನುತ್ತೇನೋ ಅವರ ಕಡೆಗೆ ಉಂಡೆಯನ್ನು ಎಸೆಯಬೇಕು. ಹತ್ತು ನಿಮಿಷದಲ್ಲಿ ನಡುವೆ ಬಲೆಯೊಂದು ಹೆಣೆದುಕೊಳ್ಳುತ್ತದೆ. ಒಬ್ಬಳು ನೂಲನ್ನು ಜಗ್ಗಿದರೆ ಯಾರ‍್ಯಾರ ಬೆರಳಿಗೆ ಎಳೆತ ಸಿಗುತ್ತದೋ ಅವರೆಲ್ಲ ಕೈಯೆತ್ತಬೇಕು. ಗೆದ್ದಲಿನ ಕಾರ್ಡು ಹಾಕಿಕೊಂಡಿದ್ದ ಹುಡುಗಿ ನೂಲು ಬಿಟ್ಟಾಗ ಆರು ಮಂದಿಯ ಕೈ ಸಡಿಲವಾಯಿತು. ಹುಲಿಯಾಗಿದ್ದ ಹುಡುಗ ಬಿಟ್ಟಾಗ ಮೂವರದು ಮಾತ್ರ. ಇದರಿಂದ ಹುಲಿ ಮುಖ್ಯವಲ್ಲ ಎಂದು ತೀರ್ಮಾನಿಸುವಂತಿಲ್ಲವಾದರೂ, ಗೆದ್ದಲನ್ನು ತುಳಿದು ಹೋಗುತ್ತಿದ್ದ ಮಕ್ಕಳು ಆ ಆರು ಕೈಗಳನ್ನು ನೋಡಿ ಸುಮ್ಮನಾದರು. ಆಟ ನಿಜಕ್ಕೂ ಚೆನ್ನಾಗಿದೆ.

ಆದರೆ ನೂಲಿಗೆ ದಿಕ್ಕಿಲ್ಲ. ಆಹಾರ ಸರಪಳಿಯ ಪಾಠದಲ್ಲಿ ಮಕ್ಕಳು ಮಾಡುವ ಅತಿ ದೊಡ್ಡ ತಪ್ಪು ಯಾವುದೆಂದು ಯಾವ ವಿಜ್ಞಾನ ಶಿಕ್ಷಕರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: ಬಾಣವನ್ನು ತಿರುಗಿಸಿ ಹಾಕುವುದು. ಬಾಣ ತೋರಿಸಬೇಕಾದದ್ದು ಶಕ್ತಿ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು. ಹಾಗಾಗಿ ಅದರ ತುದಿ ತಿನ್ನುವವರ ಕಡೆಗಿರಬೇಕು. ಕಿಟ್ಟಿನ ಆಟದಲ್ಲಿ ತಿನ್ನುವವರು ತಿನ್ನಿಸಿಕೊಳ್ಳುವವರ ಕಡೆಗೆ ಉಂಡೆ ಎಸೆಯುವುದರಿಂದ, ಇದೇ ತಪ್ಪನ್ನು ಕೈಯಾರೆ ಅಭ್ಯಾಸ ಮಾಡಿಸಿದಂತಾಗುತ್ತದೆ. ಆಟ ಮುಗಿಸಿ ಹಲಗೆಯ ಮೇಲೆ ಬರೆಯಿರಿ ಎಂದಾಗ 31 ಮಕ್ಕಳಲ್ಲಿ 22 ಮಂದಿ ಹಾವಿನಿಂದ ಕಪ್ಪೆಯ ಕಡೆಗೆ ಬಾಣ ಎಳೆದರು.

ಇದಕ್ಕೊಂದು ಕಾರಣ ನಮ್ಮ ವಾಕ್ಯದಲ್ಲಿಯೂ ಇದೆ ಎಂದು ಆಮೇಲೆ ಹೊಳೆಯಿತು. ‘ಹಾವು ಕಪ್ಪೆಯನ್ನು ತಿನ್ನುತ್ತದೆ’ ಎನ್ನುವಾಗ ಹಾವು ಮೊದಲು ಬರುತ್ತದೆ, ಕಪ್ಪೆ ಆಮೇಲೆ. ಮಕ್ಕಳ ಕೈ ಆ ಕ್ರಮವನ್ನೇ ಹಿಂಬಾಲಿಸುತ್ತದೆ. ಮರುದಿನ ಅದೇ ಸಂಗತಿಯನ್ನು ‘ಕಪ್ಪೆ ಹಾವಿಗೆ ಆಹಾರ’ ಎಂದು ಹೇಳಿಸಿದೆ. ‘ಹುಲ್ಲು ಮಿಡತೆಗೆ, ಮಿಡತೆ ಕಪ್ಪೆಗೆ, ಕಪ್ಪೆ ಹಾವಿಗೆ.’ ಚತುರ್ಥಿ ವಿಭಕ್ತಿಯ ‘ಗೆ’ ಎಲ್ಲಿದೆಯೋ ಅಲ್ಲಿ ಬಾಣದ ತುದಿ ಎಂದು ಒಂದು ನಿಯಮ ಮಾಡಿಕೊಂಡೆವು. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ, ತ್ರಿಕೋನದ ತುದಿಗಳನ್ನು ಮಾಡಿ, ನೂಲಿಗೆ ಬಟ್ಟೆಯ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆವು. ಉಂಡೆಯನ್ನು ‘ತಿನ್ನುವವರಿಗೆ ಎಸೆಯಿರಿ’ ಎಂದು ಆಟದ ನಿಯಮವನ್ನೇ ತಿರುಗಿಸಿದೆವು. ವಾರ ಬಿಟ್ಟು ಬರೆಸಿದಾಗ ತಪ್ಪು ಬಾಣ ಹಾಕಿದವರು ನಾಲ್ವರು. ಕನ್ನಡದ ವ್ಯಾಕರಣದ ತರಗತಿಯನ್ನು ವಿಜ್ಞಾನದ ಶಿಕ್ಷಕ ತೆಗೆದುಕೊಂಡಂತಾಯಿತು ಎಂದು ನಮ್ಮ ಕನ್ನಡ ಮೇಡಂ ಆಕ್ಷೇಪಿಸಿದರು. ಅವರು ನಗುತ್ತಲೇ ಹೇಳಿದ್ದರಿಂದ ಮುಂದುವರಿಸಿದ್ದೇನೆ.

ಕಿಟ್ಟಿಗೆ ಕೊಟ್ಟ ಹಣ ಸಾರ್ಥಕವಾಯಿತು ಎನ್ನಿಸಿದ್ದು ಅಳತೆಯ ಪಾತ್ರೆಗಳ ದಿನ. ನಾಲ್ಕು ಪಾತ್ರೆಗಳು ಕ್ರಮವಾಗಿ 1,000, 100, 10 ಮತ್ತು 1 ಮಿಲಿಲೀಟರಿನವು. ಹುಲ್ಲಿನಲ್ಲಿರುವ ಶಕ್ತಿ ಒಂದು ಲೀಟರು ನೀರು ಎಂದುಕೊಂಡರೆ ಮಿಡತೆಯ ಪಾಲಿಗೆ ಬರುವುದು ನೂರು ಮಿಲಿಲೀಟರು, ಕಪ್ಪೆಗೆ ಹತ್ತು, ಕೇರೆಹಾವಿಗೆ ಒಂದು. ಈ ಹತ್ತರಲ್ಲೊಂದು ಪಾಲಿನ ಲೆಕ್ಕದ ಮೂಲ ಅಮೆರಿಕದ ರೇಮಂಡ್ ಲಿಂಡ್‌ಮನ್ ಎಂಬ ಯುವ ವಿಜ್ಞಾನಿ ಮಿನ್ನೆಸೋಟದ ಒಂದು ಪುಟ್ಟ ಜೌಗುಕೆರೆಯಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಅಧ್ಯಯನದಲ್ಲಿದೆ. ಆತನ ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ನೋಡಲು ಆತ ಬದುಕಿರಲಿಲ್ಲ, ಅದೇ ವರ್ಷ 26ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಕೈಪಿಡಿಯಲ್ಲಿ ಇವೆಲ್ಲ ಇಲ್ಲ, ‘10% ನಿಯಮ’ ಎಂದಷ್ಟೇ ಇದೆ.

ಸರಪಳಿಯ ಐದನೆಯ ಕೊಂಡಿಯಾದ ಕಾಳಿಂಗಕ್ಕೆ ಕಿಟ್ಟಿನಲ್ಲಿ ಪಾತ್ರೆಯಿಲ್ಲ. ಮನೆಯಿಂದ ಕಿವಿಗೆ ಔಷಧಿ ಬಿಡುವ ಫಿಲ್ಲರನ್ನು ತಂದಿದ್ದೆ. ಕಾಳಿಂಗದ ಕಾರ್ಡು ಹಾಕಿಕೊಂಡಿದ್ದ ಹುಡುಗಿ ಅಂಗೈ ಚಾಚಿದಳು. ಅದರ ಮೇಲೆ ಎರಡು ಹನಿ ಬಿಟ್ಟೆ. ಅವಳು ಅಂಗೈಯನ್ನೇ ನೋಡುತ್ತ, ಆಮೇಲೆ ಲೀಟರಿನ ಪಾತ್ರೆಯನ್ನು ನೋಡಿ, “ಇಷ್ಟೇನಾ ಸಾರ್?” ಎಂದಳು. ಆ ಎರಡು ಹನಿಯೂ ಅಷ್ಟರಲ್ಲಿ ಅಂಗೈಯ ಗೆರೆಗಳೊಳಗೆ ಇಳಿದುಹೋಗಿದ್ದವು. ಕಾಡಿನಲ್ಲಿ ಮಿಡತೆಗಳು ಲಕ್ಷಗಟ್ಟಲೆ, ಕಾಳಿಂಗ ಬೆರಳೆಣಿಕೆಯಷ್ಟು ಏಕೆ ಎಂಬುದನ್ನು ನಾನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಈ ಪ್ರಯೋಗದಲ್ಲಿ ಎರಡು ಎಚ್ಚರಿಕೆಗಳು ಬೇಕು, ಕೈಪಿಡಿ ಎರಡನ್ನೂ ಹೇಳುವುದಿಲ್ಲ. ಉಳಿದ ನೀರನ್ನು ನೆಲಕ್ಕೆ ಚೆಲ್ಲಿರಿ ಎಂದು ಅದು ಸೂಚಿಸುತ್ತದೆ; ಹಾಗೆ ಮಾಡಿದರೆ ಒಂಬತ್ತು ಪಾಲು ಶಕ್ತಿ ವ್ಯರ್ಥವಾಗಿ ಎಲ್ಲಿಗೋ ಹೋಯಿತು ಎಂದು ಮಕ್ಕಳು ತಿಳಿಯುತ್ತಾರೆ. ನಾವು ಮೂರು ಬಕೆಟ್ಟುಗಳನ್ನು ಇಟ್ಟು ‘ಉಸಿರಾಟದ ಶಾಖ’, ‘ತಿನ್ನದೆ ಉಳಿದದ್ದು’, ‘ಹಿಕ್ಕೆ’ ಎಂದು ಬರೆದು, ಉಳಿದ ನೀರನ್ನು ಅವುಗಳಿಗೆ ಹಂಚಿದೆವು. ಕೊನೆಯ ಎರಡು ಬಕೆಟ್ಟುಗಳ ನೀರು ಅಣಬೆ, ಗೆದ್ದಲುಗಳ ಪಾಲು. ಮೊದಲನೆಯದು ಮರಳಿ ಬರುವುದೇ ಇಲ್ಲ. ಎರಡನೆಯದಾಗಿ, ಹತ್ತರಲ್ಲೊಂದು ಎಂಬುದು ಸರಾಸರಿಯ ಮಾತು. ಜೀವಿಯಿಂದ ಜೀವಿಗೆ, ಜಾಗದಿಂದ ಜಾಗಕ್ಕೆ ಅದು ಹೆಚ್ಚುಕಡಿಮೆಯಾಗುತ್ತದೆ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಂಥ ಸುಮಾರು 50 ಬಲಿಪ್ರಾಣಿಗಳು ಬೇಕು, ಆ 50 ತಪ್ಪದೆ ಸಿಗುತ್ತಿರಬೇಕಾದರೆ ಕಾಡಿನಲ್ಲಿ 500ರಷ್ಟು ಇರಬೇಕು. ಇಲ್ಲಿಯೂ ಹತ್ತರಲ್ಲೊಂದು ಕಾಣುತ್ತದೆ, ಆದರೆ ಇದು ಶಕ್ತಿಯ ಪಾಲಲ್ಲ, ಹಿಂಡಿನಲ್ಲಿ ಪ್ರತಿವರ್ಷ ಹುಲಿಯ ಬಾಯಿಗೆ ಹೋಗುವ ತಲೆಗಳ ಪಾಲು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ನಾನೇ ಒಮ್ಮೆ ಮಕ್ಕಳನ್ನು ಗೊಂದಲಕ್ಕೆ ದೂಡಿದ್ದೇನೆ, ಅದಕ್ಕೇ ಇಷ್ಟು ವಿವರಿಸಿದೆ.

ಕಿಟ್ಟಿನ ದೊಡ್ಡ ಕೊರತೆ ಸತ್ತವರ ಲೆಕ್ಕದಲ್ಲಿದೆ. 64 ಕಾರ್ಡುಗಳಲ್ಲಿ ವಿಘಟಕರ ಕೆಲಸದವು ಮೂರೇ. ಸಗಣಿಹುಳುವಿಲ್ಲ, ಬ್ಯಾಕ್ಟೀರಿಯವಿಲ್ಲ, ಕೊಳೆತ ಮರದ ದಿಮ್ಮಿಯಿಲ್ಲ. ಯಾರು ಯಾರನ್ನು ತಿನ್ನುತ್ತಾರೆ ಎಂಬುದನ್ನು ಇಷ್ಟು ಉತ್ಸಾಹದಿಂದ ಹೇಳುವ ಪೆಟ್ಟಿಗೆ, ತಿನ್ನಿಸಿಕೊಳ್ಳದೆ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ತಡವರಿಸುತ್ತದೆ. ಶಕ್ತಿ ಒಂದೇ ದಿಕ್ಕಿನಲ್ಲಿ ಹರಿದು ಮುಗಿದುಹೋಗುತ್ತದೆ, ಆದರೆ ಇಂಗಾಲ, ಸಾರಜನಕ, ರಂಜಕಗಳು ಮಣ್ಣಿಗೋ ಗಾಳಿಗೋ ಮರಳಿ ಮತ್ತೆ ಹುಲ್ಲಿನೊಳಗೆ ಸೇರುತ್ತವೆ ಎಂಬ ಪಾಠದ ಅರ್ಧಭಾಗ ಈ ಮೂರು ಕಾರ್ಡುಗಳ ಮೇಲೆಯೇ ನಿಂತಿದೆ. ರಣಹದ್ದಿನ ಕಾರ್ಡೊಂದಿದೆ, ಆದರೆ ಅದರ ಹಿಂಬದಿಯಲ್ಲಿ ರೆಕ್ಕೆಯ ಅಳತೆಯನ್ನು ಬಿಟ್ಟರೆ ಬೇರೇನಿಲ್ಲ. ಕೈಪಿಡಿಯ ಎರಡು ಪುಟಗಳು ಅಮೆರಿಕದ ಯೆಲ್ಲೋಸ್ಟೋನ್‌ಗೆ 1995ರಲ್ಲಿ ತೋಳಗಳನ್ನು ಮರಳಿ ತಂದ ಕತೆಗೆ ಮೀಸಲಾಗಿವೆ. ತೋಳಗಳಿಂದ ನದಿಗಳ ಹರಿವೇ ಬದಲಾಯಿತು ಎಂಬ, ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಲ್ಲಿರುವ ಮಾತನ್ನು ಅಲ್ಲಿ ತೀರ್ಮಾನವಾದ ಸತ್ಯದಂತೆ ಬರೆದಿದ್ದಾರೆ.

ಅದರ ಬದಲು ನಾನು ರಣಹದ್ದಿನ ಕತೆಯನ್ನೇ ಹೇಳಿದೆ. ಮಕ್ಕಳ ತಾತಂದಿರು ರಣಹದ್ದುಗಳನ್ನು ಕಂಡಿದ್ದಾರೆ, ಅಪ್ಪಂದಿರಲ್ಲಿ ಬಹಳ ಮಂದಿ ಕಂಡಿಲ್ಲ. ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರ ಒಳಗೆ ಶೇಕಡ 99.9ರಷ್ಟು ಇಲ್ಲವಾದವು. ಯಾರೂ ಅವುಗಳನ್ನು ಬೇಟೆಯಾಡಿದ್ದಲ್ಲ. ನೋವು, ಊತಕ್ಕೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಪಶುಗಳಿಗೆ ಆ ಔಷಧಿಯನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧಿ ಈಗ ಇದೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ಉಳಿದ ಕೆಲವನ್ನಾದರೂ ಕಾಪಾಡಲು. ನಮ್ಮ ತರಗತಿಯಲ್ಲಿ ಹಸು ಸಾಕದ ಮನೆಯ ಮಕ್ಕಳು ಇಬ್ಬರೋ ಮೂವರೋ. “ನಮ್ಮ ಹಸುವಿಗೆ ಯಾವ ಇಂಜೆಕ್ಷನ್ ಕೊಡ್ತಾರೆ ಅಂತ ಡಾಕ್ಟರನ್ನ ಕೇಳ್ತೀನಿ ಸಾರ್” ಎಂದು ಒಬ್ಬ ಹೇಳಿದ. ಕೇಳಿಕೊಂಡೂ ಬಂದ, ಚೀಟಿಯಲ್ಲಿ ಮೆಲಾಕ್ಸಿಕ್ಯಾಮ್ ಎಂದು ಬರೆಸಿಕೊಂಡು ಬಂದಿದ್ದ. ರಣಹದ್ದಿನ ಕಾರ್ಡಿನ ಹಿಂಬದಿಗೆ ಈಗ ಆ ಚೀಟಿಯೇ ಅಂಟಿಕೊಂಡಿದೆ.

ಜಾಡಿಯ ಪ್ರಯೋಗವನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲೊಂದು ಗಂಭೀರವಾದ ತಪ್ಪಿದೆ. ತಳಕ್ಕೆ ಬೆಣಚುಕಲ್ಲು, ಅದರ ಮೇಲೆ ಕೆರೆಯ ಮಣ್ಣು, ಮುಕ್ಕಾಲು ಭಾಗ ಕೆರೆಯ ನೀರು, ನಾಲ್ಕೈದು ಎಳೆ ಹೈಡ್ರಿಲ್ಲ ಎಂಬ ನೀರುಗಿಡ, ಎರಡು ಚಿಕ್ಕ ಬಸವನಹುಳು ಹಾಕಿ ಮುಚ್ಚಳ ಬಿಗಿದರೆ ಅದೊಂದು ಮುಚ್ಚಿದ ಪರಿಸರ ವ್ಯವಸ್ಥೆ. ಒಳಗೆ ಹೋಗುವುದು ಬೆಳಕು ಮಾತ್ರ. ಜಾಡಿಯನ್ನು ‘ಚೆನ್ನಾಗಿ ಬಿಸಿಲು ಬೀಳುವ ಕಡೆ’ ಇಡಬೇಕೆಂದು ಕೈಪಿಡಿ ಹೇಳುತ್ತದೆ. ಹಾಗೆಯೇ ಇಟ್ಟೆವು, ಮೂರನೆಯ ದಿನ ಮಧ್ಯಾಹ್ನ ಜಾಡಿ ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು, ಒಂದು ಹುಳು ಸತ್ತಿತ್ತು. ನೀರನ್ನು ಬದಲಿಸಿ, ಸತ್ತ ಹುಳುವಿನ ಬದಲು ಇನ್ನೊಂದನ್ನು ಹಾಕಿ, ಬೆಳಕಿದ್ದು ನೇರ ಬಿಸಿಲಿಲ್ಲದ ಕಿಟಕಿಗೆ ಸ್ಥಳಾಂತರಿಸಿ, ಎರಡನೆಯ ಬಾರಿ ಆರಂಭಿಸಿದೆವು. ಹನ್ನೊಂದು ಗಂಟೆಯ ಹೊತ್ತಿಗೆ ಹೈಡ್ರಿಲ್ಲದ ಎಲೆಯಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕೂತು, ಒಂದೊಂದಾಗಿ ಬಿಡಿಸಿಕೊಂಡು ಮೇಲೇರುವುದನ್ನು ನೋಡಲು ಮಕ್ಕಳು ಸರದಿಯಲ್ಲಿ ನಿಲ್ಲುತ್ತಾರೆ. ಮೋಡ ಕವಿದ ದಿನ ಗುಳ್ಳೆಗಳು ಕಡಿಮೆ ಎಂಬುದನ್ನು ಅವರೇ ಗುರುತಿಸಿ ಹೇಳಿದರು. ನಾನು ಇದನ್ನು ಬರೆಯುವ ಹೊತ್ತಿಗೆ ಜಾಡಿಗೆ 38 ದಿನವಾಗಿದೆ, ಎರಡೂ ಹುಳುಗಳು ಜಾಡಿಯ ಗೋಡೆಯ ಪಾಚಿಯನ್ನು ಕೆರೆದು ತಿನ್ನುತ್ತಿವೆ.

ತಪ್ಪು ಇರುವುದು ಕೈಪಿಡಿಯ ಮುಂದಿನ ಸಾಲಿನಲ್ಲಿ: ‘ಬೇಕಿದ್ದರೆ ಒಂದು ಸಣ್ಣ ಮೀನನ್ನೂ ಹಾಕಬಹುದು.’ ಹಾಕಬಾರದು. ಮೂರು ಲೀಟರಿನ ಮುಚ್ಚಿದ ಜಾಡಿಯಲ್ಲಿ ಹಗಲು ಗಿಡ ಬಿಡುವ ಆಮ್ಲಜನಕ ಎಷ್ಟೇ ಇದ್ದರೂ, ರಾತ್ರಿ ಗಿಡವೂ ಹುಳುವೂ ಬ್ಯಾಕ್ಟೀರಿಯವೂ ಅದನ್ನೇ ಉಸಿರಾಡುತ್ತವೆ. ಅವುಗಳ ಜೊತೆಗೆ ಮೀನೂ ಸೇರಿದರೆ ಅದು ಉಸಿರುಕಟ್ಟಿ ಸಾಯುವ ಸಾಧ್ಯತೆಯೇ ಹೆಚ್ಚು. ಸಾಯುವ ಮೀನನ್ನು ನೋಡಿ ಮಕ್ಕಳು ಕಲಿಯುವುದು ಪರಿಸರ ವ್ಯವಸ್ಥೆಯನ್ನಲ್ಲ.

ಗೂಟ ಮತ್ತು ದಾರದ ಚಟುವಟಿಕೆ ಸರಳ, ಹಾಗೂ ಒಳ್ಳೆಯದು. ಒಂದು ಮೀಟರು ಉದ್ದಗಲದ ಚೌಕವನ್ನು ಕಟ್ಟಿ, ಅದರೊಳಗೆ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸುವುದು. ಆಟದ ಮೈದಾನದ ಚೌಕದಲ್ಲಿ ಮೂರು ಬಗೆ, ಬೇಲಿಯಂಚಿನ ಚೌಕದಲ್ಲಿ ಹದಿನಾಲ್ಕು. ಗರಿಕೆ, ತುಂಬೆ, ಉತ್ತರಾಣಿ, ನೆಲನೆಲ್ಲಿ, ಮುಟ್ಟಿದರೆ ಮುನಿ ಇವನ್ನೆಲ್ಲ ಹೆಸರು ಹಿಡಿದು ಹೇಳಿದವರು ಮಕ್ಕಳೇ. ನನಗೆ ಗೊತ್ತಿಲ್ಲದ ಎರಡು ಗಿಡಗಳಿಗೆ ಒಬ್ಬ ಹುಡುಗಿಯ ಅಜ್ಜಿ ಹೆಸರು ಹೇಳಿಕಳುಹಿಸಿದರು. ನೂರು ಗಿಡ ಇದ್ದರೂ ಒಂದೇ ಬಗೆಯದಾದರೆ ಅದು ವೈವಿಧ್ಯವಲ್ಲ ಎಂಬ ಮಾತು ಮೈದಾನದ ಗರಿಕೆಯಲ್ಲಿ ಕಣ್ಣಿಗೆ ಕಂಡಿತು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದನ್ನು ರಚಿಸಿ, ಊರಿನ ಗಿಡಮರ, ಪ್ರಾಣಿ, ತಳಿಗಳ ದಾಖಲೆ ಇಡಬೇಕು ಎಂಬುದನ್ನು ಕೈಪಿಡಿ ಇಲ್ಲಿ ಹೇಳಿದ್ದರೆ ಚಟುವಟಿಕೆಗೆ ಒಂದು ಗುರಿ ಸಿಗುತ್ತಿತ್ತು. ದೇವನಹಳ್ಳಿಯ ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪರಂಪರೆಯ ತಾಣವಾದ ವಿಚಾರವೂ ಈ ಪುಟಕ್ಕೆ ಹೇಳಿ ಮಾಡಿಸಿದಂತಿತ್ತು.

ಹಾಗಾದರೆ ಕೊಳ್ಳಬಹುದೇ ಎಂದು ಕೇಳಿದ ಸಹೋದ್ಯೋಗಿಗಳಿಗೆ ನಾನು ಹೇಳಿದ್ದು ಇಷ್ಟು: ಅಳತೆಯ ಪಾತ್ರೆ, ಜಾಡಿ, ಗೂಟ ದಾರ ಇವನ್ನು ಊರಿನ ಅಂಗಡಿಯಲ್ಲಿ ಐನೂರು ರೂಪಾಯಿಯೊಳಗೆ ಹೊಂದಿಸಿಕೊಳ್ಳಬಹುದು, ಪಶ್ಚಿಮ ಘಟ್ಟದ ಕಾರ್ಡುಗಳಿಗಾಗಿ ಉಳಿದ ಹಣವನ್ನು ಕೊಡುವ ಮನಸ್ಸಿದ್ದರೆ, ಹೊಸ ಹೆಸರುಗಳನ್ನು ಅಂಟಿಸಲು ಒಂದು ಶನಿವಾರ ಬಿಡುವಿದ್ದರೆ, ತೆಗೆದುಕೊಳ್ಳಿ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಆ ಎರಡು ಹನಿ ನೀರಿಗೆ.

ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ತಯಾರಕರಿಗೆ ಇಮೇಲ್ ಕಳುಹಿಸಿದ್ದೆ. ಹಿಮಕರಡಿ ಮತ್ತು ಪೆಂಗ್ವಿನ್ನನ್ನು ಮುಂದಿನ ಮುದ್ರಣದಲ್ಲಿ ಬೇರ್ಪಡಿಸುತ್ತೇವೆ, ‘ನಿರ್ಮಾಪಕ’ ಪದವನ್ನು ಪರಿಶೀಲಿಸುತ್ತೇವೆ ಎಂದು ಒಂದು ವಾರದಲ್ಲಿ ಸೌಜನ್ಯದ ಉತ್ತರ ಬಂತು. ಜಾಡಿಯ ಮೀನಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ನಮ್ಮ ಪ್ರತಿಯಲ್ಲಿ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ. ಪಕ್ಕದ ಶಾಲೆಯ ಪ್ರತಿಗೂ ಒಂದು ಚೀಟಿ ಕತ್ತರಿಸಿ ಕೊಟ್ಟಿದ್ದೇನೆ.